ನಿಮಗಿದು ಗೊತ್ತೇ? ಹಿಮದ ಜಾರಾಟಕ್ಕೂ ನಮ್ಮ ರಾಮನಗರ ಸೀಮೆಗೂ ನಂಟುಂಟು!

ಶೋಲೆ ಸಿನಿಮಾದಲ್ಲಿ ಗಬ್ಬರ್ ಸಿಂಗ್ ಓಡಾಡಿದ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳನ್ನು ನೋಡದವರುಂಟೇ? ಆ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ! ಹಿಮಾಲಯ ತಲೆ ಎತ್ತಲು ಶುರು ಮಾಡಿದ್ದು 5 ಕೋಟಿ ವರ್ಷಗಳ ಹಿಂದೆ. ಜನ ಕಾಲಿಗೆ ಸ್ಕೀ ಎಂಬ ಉದ್ದ ಹಲಗೆ ಕಟ್ಟಿಕೊಂಡು ಜಾರುವ ಆ ಹಿಮದ ಪರ್ವತಗಳು ನಮ್ಮ ರಾಮದೇವರ ಬೆಟ್ಟದ ಮುಂದೆ ಮೊನ್ನೆ ಮೊನ್ನೆ ಹುಟ್ಟಿದವು ಕಣ್ರೀ!

ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ಊರಿನ ಹೆಸರು ಬದಲಾಗಿ ಎಷ್ಟೋ ಕಾಲವಾಯಿತು. ಆದರೆ ಪ್ರಪಂಚದ ಭೂವಿಜ್ಞಾನಿಗಳು ಇಲ್ಲಿನ ಕಲ್ಲನ್ನು ಇವತ್ತಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ!

ಮಾಗಡಿಯ ಸಾವನದುರ್ಗ ಹತ್ತಿ ಉಸ್ಸಪ್ಪಾ ಅಂದಿದ್ದೀರಾ? ಸಮುದ್ರಮಟ್ಟದಿಂದ ಅದರ ಎತ್ತರ 1,226 ಮೀಟರ್. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಗೊಂಡೋಲಾ ಎಂಬ ತೂಗುಬಂಡಿ ಇದೆ. ಅದು ನಿಮ್ಮನ್ನು ಕೂತಲ್ಲೇ ಅಫರ್ವಾಟ್ ಶಿಖರದ ಹೆಗಲಿಗೆ, ಹೆಚ್ಚುಕಡಿಮೆ 3,980 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಸಾವನದುರ್ಗದ ಮೂರು ಪಟ್ಟಿಗಿಂತ ಹೆಚ್ಚು, ಅದೂ ಒಂದು ಹನಿ ಬೆವರಿಲ್ಲದೆ!

ಅಷ್ಟು ಎತ್ತರವೂ ಸಾಲದು ಎನ್ನುವವರಿದ್ದಾರೆ. ಅವರು ಹೆಲಿಕಾಪ್ಟರ್ ಹತ್ತುತ್ತಾರೆ! ರಸ್ತೆಯಿಲ್ಲದ, ತೂಗುಬಂಡಿಯಿಲ್ಲದ, ಯಾರ ಹೆಜ್ಜೆಯೂ ಬೀಳದ ಹಿಮದ ನೆತ್ತಿಯಲ್ಲಿ ಇಳಿದು, ಅಲ್ಲಿಂದ ಸ್ಕೀ ಮೇಲೆ ಜಾರಿ ಕಣಿವೆಗೆ ಬರುತ್ತಾರೆ. ಕೆಳಗೆ ಮತ್ತೆ ಅದೇ ಹೆಲಿಕಾಪ್ಟರ್ ಕಾಯುತ್ತಿರುತ್ತದೆ. ಇದೇ ಹೆಲಿ-ಸ್ಕೀಯಿಂಗ್.

ಇದನ್ನು ವ್ಯಾಪಾರವಾಗಿ ಶುರು ಮಾಡಿದವರು ಹಾನ್ಸ್ ಗ್ಮೋಸರ್. ಹುಟ್ಟಿದ್ದು ಆಸ್ಟ್ರಿಯಾದಲ್ಲಿ, ಬದುಕು ಕಟ್ಟಿಕೊಂಡಿದ್ದು ಕೆನಡಾದಲ್ಲಿ. 1965ರಲ್ಲಿ ಬುಗಾಬೂ ಬೆಟ್ಟಸಾಲಿಗೆ ಗಿರಾಕಿಗಳನ್ನು ಕರೆದೊಯ್ದರು. ಆಗಿನ ಪುಟ್ಟ ಹೆಲಿಕಾಪ್ಟರಿನಲ್ಲಿ ಒಮ್ಮೆಗೆ ಹಿಡಿಸುತ್ತಿದ್ದದ್ದು ಬರೀ ಇಬ್ಬರು!

ನೆತ್ತಿಯಲ್ಲಿ ಇಳಿಯುವುದನ್ನು ನೋಡಬೇಕು ನೀವು. ಚಪ್ಪಟೆ ಜಾಗವೇ ಇಲ್ಲದಿದ್ದರೆ ಪೈಲಟ್ ಹೆಲಿಕಾಪ್ಟರಿನ ಮುಂದಿನ ತುದಿಯನ್ನಷ್ಟೇ ಬೆಟ್ಟದ ಅಂಚಿಗೆ ತಾಗಿಸುತ್ತಾನೆ, ಹಿಂಭಾಗ ಗಾಳಿಯಲ್ಲೇ ಇರುತ್ತದೆ. ಇಳಿದವರು ಪಕ್ಕದಲ್ಲೇ ಒತ್ತೊತ್ತಾಗಿ ಮೊಣಕಾಲೂರಿ, ತಲೆ ತಗ್ಗಿಸಿ, ಚೀಲಗಳ ಮೇಲೆ ಕೈಯೊತ್ತಿ ಕೂರಬೇಕು. ಗೈಡ್ ಹೊರಗಿನ ಬುಟ್ಟಿಯಿಂದ ಸ್ಕೀಗಳನ್ನು ಎಳೆದು ಹಾಕುತ್ತಾನೆ. ರೆಕ್ಕೆ ಎಬ್ಬಿಸಿದ ಹಿಮದಲ್ಲಿ ಪಕ್ಕದವರ ಮುಖವೂ ಕಾಣದು. ಮರುಗಳಿಗೆ ಹೆಲಿಕಾಪ್ಟರ್ ಮಾಯ, ಸದ್ದೂ ಮಾಯ!

ನಮ್ಮ ದೇಶದಲ್ಲಿ ಇದೆಲ್ಲ ಎಲ್ಲಿ ಅಂತೀರಾ? ಮನಾಲಿಯಲ್ಲಿದೆ! ಆಸ್ಟ್ರೇಲಿಯಾದ ರಾಡಿ ಮೆಕೆಂಜಿ 1990ರ ಹೊತ್ತಿಗೆ ಅಲ್ಲಿ ಶುರು ಮಾಡಿದರು. ಸುತ್ತಲಿನ ದೊಡ್ಡ ಶಿಖರಗಳಲ್ಲೊಂದರ ಹೆಸರು ಹನುಮಾನ್ ಟಿಬ್ಬಾ, ಎತ್ತರ 5,900 ಮೀಟರಿಗೂ ಮೇಲೆ. ರಾಮದೇವರು ನಮ್ಮ ಬೆಟ್ಟದಲ್ಲಿ, ಹನುಮಂತ ಅಲ್ಲಿ ಹಿಮದ ಮೇಲೆ!

ಈಗ ಕೇಳಿ, ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸಂಗತಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಹೆಲಿಕಾಪ್ಟರಿನ ರೆಕ್ಕೆಗೆ ಹಿಡಿತವೇ ಸಿಗದು. ಇಂಥ ಎತ್ತರಕ್ಕೆಂದೇ ಫ್ರಾನ್ಸಿನಲ್ಲಿ ತಯಾರಾದದ್ದು ‘ಲಾಮಾ’ ಹೆಲಿಕಾಪ್ಟರ್. ಅದು ಬೇಕು ಎಂದು ಕೇಳಿದ್ದು ಯಾರು ಗೊತ್ತೇ? ನಮ್ಮ ಭಾರತೀಯ ಸೇನೆ! ಹಿಮಾಲಯದ ಗಡಿಠಾಣೆಗಳಿಗೆ ಹಾರಲು 1968ರಲ್ಲಿ ಇಟ್ಟ ಬೇಡಿಕೆ ಅದು.

1969ರಲ್ಲಿ ಇದೇ ಲಾಮಾ ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು, ಮತ್ತೆ ಹಾರಿ ತೋರಿಸಿತು. ಅಲ್ಲಿಯವರೆಗೆ ಅಷ್ಟು ಎತ್ತರದಲ್ಲಿ ಯಾವ ಹೆಲಿಕಾಪ್ಟರೂ ಇಳಿದಿರಲಿಲ್ಲ!

ಆಮೇಲೆ ಅದನ್ನು ‘ಚೀತಾ’ ಎಂಬ ಹೆಸರಿನಲ್ಲಿ ಕಟ್ಟತೊಡಗಿದ್ದು ಎಲ್ಲಿ? ಬೆಂಗಳೂರಿನ ಎಚ್‌ಎಎಲ್‌ನಲ್ಲಿ! ರಾಮನಗರದಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪುವಷ್ಟು ಹತ್ತಿರ. ಸಿಯಾಚಿನ್‌ನ ಯೋಧರಿಗೆ ಔಷಧ, ಸೀಮೆಎಣ್ಣೆ, ಕಾಗದ ಪತ್ರ ಹೊತ್ತೊಯ್ದ ಆ ಪುಟ್ಟ ಚೀತಾಗಳು ನಮ್ಮ ಊರ ಕಡೆಯವು!

ಲಾಮಾದ ಕಥೆ ಇನ್ನೂ ಮುಗಿದಿಲ್ಲ. 1972ರ ಜೂನ್ 21ರಂದು ಝಾನ್ ಬೂಲೆ ಎಂಬ ಫ್ರೆಂಚ್ ಪೈಲಟ್ ಅದನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ದಾಖಲೆ ಬರೆದರು. ಅಲ್ಲಿ ಎಂಜಿನ್ ನಿಂತೇ ಹೋಯಿತು. ಬೂಲೆ ಹೆದರಲಿಲ್ಲ. ಬೀಳುವ ವೇಗಕ್ಕೆ ರೆಕ್ಕೆ ತಾನಾಗಿ ತಿರುಗುವಂತೆ ಹಿಡಿದುಕೊಂಡು, ಅಷ್ಟೂ ದೂರ ಎಂಜಿನ್ ಇಲ್ಲದೆಯೇ ನೆಲಕ್ಕೆ ಇಳಿದುಬಂದರು. ಅದೂ ಒಂದು ದಾಖಲೆಯಾಯಿತು!

2005ರ ಮೇ 14ರಂದು ಮತ್ತೊಬ್ಬ ಫ್ರೆಂಚ್ ಪೈಲಟ್ ದಿದಿಯೇ ದೆಲ್ಸಾಲ್ ಬೇರೊಂದು ಹೆಲಿಕಾಪ್ಟರನ್ನು ಎವರೆಸ್ಟ್ ತುದಿಯಲ್ಲೇ ಇಳಿಸಿದರು. ಅಲ್ಲಿದ್ದದ್ದು 3 ನಿಮಿಷ 50 ಸೆಕೆಂಡು. ಮಾರನೇ ದಿನ ಮತ್ತೆ ಹೋಗಿ ಮತ್ತೆ ಇಳಿಸಿದರು!

ಇಷ್ಟೆಲ್ಲ ಇದ್ದರೂ ಫ್ರಾನ್ಸಿನಲ್ಲಿ ಮೋಜಿಗಾಗಿ ಸ್ಕೀ ಮಾಡುವವರನ್ನು ಹೆಲಿಕಾಪ್ಟರಿನಿಂದ ಬೆಟ್ಟದ ಮೇಲೆ ಇಳಿಸುವಂತಿಲ್ಲ. 1985ರಿಂದಲೇ ಕಾನೂನು! ಕೆನಡಾದಲ್ಲಿ ಅವಕಾಶವಿದೆ. ಆದರೆ ಬೆಟ್ಟದ ಮೇಕೆ, ಕ್ಯಾರಿಬೂ ಜಿಂಕೆ ಕಂಡರೆ ಪೈಲಟ್ ದೂರ ಸರಿಯಬೇಕು. ನಮ್ಮಲ್ಲೂ ಇಂಥದ್ದೇ ಇದೆಯಲ್ಲ! ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಯಿತು. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವ ಬಂಡೆಗಳವು. ಮನಸ್ಸು ಬಂದಂತೆ ಹಗ್ಗ ಹಾಕಿ ಹತ್ತುವಂತಿಲ್ಲ. ಒಳ್ಳೆಯದೇ ಆಯಿತು ಬಿಡಿ.

ಹೆಲಿಕಾಪ್ಟರಿಗೆ ಕೊಡಲು ದುಡ್ಡಿಲ್ಲವೇ? ನಡೆದೇ ಹತ್ತಿ! ಇದಕ್ಕೆ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ. ಮೂರು ನಾಲ್ಕು ಗಂಟೆ ಹತ್ತುವುದು, ಹತ್ತಿಪ್ಪತ್ತು ನಿಮಿಷದಲ್ಲಿ ಜಾರಿ ಇಳಿಯುವುದು. ಜಾರುವ ಸ್ಕೀ ಕಟ್ಟಿಕೊಂಡೇ ಮೇಲೆ ಹತ್ತುತ್ತಾರೆ ಅಂದರೆ ನಂಬುತ್ತೀರಾ?

ಗುಟ್ಟು ಇರುವುದು ಸ್ಕೀಯ ಅಡಿಗೆ ಅಂಟಿಸುವ ಒಂದು ಪಟ್ಟಿಯಲ್ಲಿ. ಅದರ ತುಂಬ ಸಣ್ಣ ಕೂದಲು. ಹಸುವಿನ ಮೈಯನ್ನು ಬಾಲದ ಕಡೆಗೆ ಸವರಿ ನೋಡಿ, ನುಣುಪು. ತಲೆಯ ಕಡೆಗೆ ಸವರಿ, ಒರಟು. ಇದೂ ಹಾಗೇ! ಕಾಲು ಮುಂದಿಟ್ಟಾಗ ಸರಾಗವಾಗಿ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡುವುದಿಲ್ಲ. ಹಿಂದೆ ಸೀಲ್ ಪ್ರಾಣಿಯ ಚರ್ಮ ಕಟ್ಟುತ್ತಿದ್ದರು. ಈಗ ಅಂಗೋರಾ ಮೇಕೆಯ ಕೂದಲು, ಇಲ್ಲವೇ ನೈಲಾನ್. ನೆತ್ತಿ ತಲುಪಿದ ಮೇಲೆ ಪರ್ರೆಂದು ಕಿತ್ತು, ಮಡಿಸಿ, ಜಾಕೆಟ್ಟಿನೊಳಗೆ ಸೇರಿಸುತ್ತಾರೆ. ಚಳಿಗೆ ಗೋಂದು ಹೆಪ್ಪುಗಟ್ಟಬಾರದಲ್ಲ!

ಚನ್ನಪಟ್ಟಣದ ಗೊಂಬೆ ಕೆಲಸದವರೇ, ಇದು ನಿಮಗಾಗಿ. ಹೊರಗೆ ಪ್ಲಾಸ್ಟಿಕ್ಕು, ಫೈಬರ್ರು, ಉಕ್ಕಿನ ಅಂಚು ಹೊಳೆಯುವ ಇಂದಿನ ದುಬಾರಿ ಸ್ಕೀಯನ್ನು ಸೀಳಿ ನೋಡಿದರೆ ಒಳಗೆ ಸಿಗುವುದು ಬಹುಪಾಲು ಮರವೇ! ಪಾಪ್ಲರ್, ಆಶ್, ಮೇಪಲ್. ನೀವು ಆಲೆ ಮರ ಆರಿಸಿದಂತೆ ಅವರೂ ಹಗುರ ನೋಡಿ, ಎಳೆ ನೋಡಿ ಆರಿಸುತ್ತಾರೆ.

ಸ್ಕೀ ಎಷ್ಟು ಹಳೆಯದು? 1924ರಲ್ಲಿ ಸ್ವೀಡನ್ನಿನ ಜೌಗು ನೆಲದಲ್ಲಿ ಸಿಕ್ಕ ಮರದ ಸ್ಕೀಗೆ ಸುಮಾರು 5,200 ವರ್ಷ! ನಾರ್ವೆಯಲ್ಲಿ ಹಿಮ ಕರಗಿ 2014ರಲ್ಲಿ ಒಂದು ಒಂಟಿ ಸ್ಕೀ ಹೊರಬಂತು, 1,300 ವರ್ಷದ್ದು. ಅದರ ಜೋಡಿ ಎಲ್ಲಿ? ಕಾದರು, ಹುಡುಕಿದರು. 2021ರಲ್ಲಿ ಐದೇ ಮೀಟರ್ ದೂರದಲ್ಲಿ ಸಿಕ್ಕಿತು!

ಮೆತ್ತನೆ ಹಿಮದಲ್ಲಿ ಮುಳುಗದ ಅಗಲ ಸ್ಕೀ ಹುಟ್ಟಿದ್ದು ಹೇಗೆ? ರೂಪರ್ಟ್ ಹೂಬರ್ ಎಂಬ ಎಂಜಿನಿಯರ್, ಎರಡೂ ಕಾಲಿಗೆ ಸೇರಿ ಒಂದೇ ಹಲಗೆಯಿರುವ ಸ್ನೋಬೋರ್ಡನ್ನು ಉದ್ದಕ್ಕೆ ಗರಗಸದಿಂದ ಸೀಳಿ ಎರಡು ಮಾಡಿದರು. ಅಷ್ಟೇ!

ರಾಮನಗರದ ಗೂಡಿನ ಮಾರುಕಟ್ಟೆಗೆ, ಕನಕಪುರದ ಹಿಪ್ಪುನೇರಳೆ ತೋಟಗಳಿಗೆ ಹೆಮ್ಮೆ ತರುವ ಮಾತೊಂದು. 1924ರಲ್ಲಿ ಎವರೆಸ್ಟ್ ಹತ್ತಲು ಹೋಗಿ ಮರಳದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಮೈಮೇಲೆ ಏನಿತ್ತು? ಹತ್ತಿ, ಉಣ್ಣೆ ಮತ್ತು ರೇಷ್ಮೆ! ಆ ಬಟ್ಟೆಯಂಥದ್ದನ್ನೇ ಮತ್ತೆ ಹೊಲಿಸಿ 2006ರಲ್ಲಿ ಎವರೆಸ್ಟಿನ ತಪ್ಪಲಲ್ಲಿ ತೊಟ್ಟು ನೋಡಿದರು. ಹಗುರ, ಬೆಚ್ಚಗೆ, ಮೈಗೆ ಒಗ್ಗಿತ್ತು. ಇವತ್ತಿಗೂ ಸ್ಕೀ ಮಾಡುವವರಲ್ಲಿ ಒಳಗೊಂದು ತೆಳು ರೇಷ್ಮೆ ತೊಡುವವರಿದ್ದಾರೆ!

ಈ ಆಟದ ಹಂಗಾಮು ನಮ್ಮ ಹೊಲದ ಹಂಗಾಮಿನ ಜೊತೆಜೊತೆಗೇ ಸಾಗುತ್ತದೆ, ಗಮನಿಸಿ. ಇಲ್ಲಿ ರಾಗಿ ಒಕ್ಕಣೆ ಮುಗಿಸಿ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವಾಗ, ಅಲ್ಲಿ ಹಿಮಾಲಯದಲ್ಲಿ ಪುಡಿಪುಡಿಯಾದ ಒಣ ಹಿಮ. ಜಾರುವವರಿಗೆ ಹಬ್ಬವೋ ಹಬ್ಬ! ನಮ್ಮ ಮಾವಿನ ಮರಗಳು ಹೂ ಬಿಟ್ಟಾಗ ಅಲ್ಲಿ ಹೆಲಿಕಾಪ್ಟರಿಗೆ ಪುರುಸೊತ್ತಿಲ್ಲ. ಮಾರ್ಚ್ ಕಳೆದು ರಾಮನಗರದ ಮಾವು ಮಾರುಕಟ್ಟೆಗೆ ಬರುವ ಹೊತ್ತಿಗೆ ಅಲ್ಲಿ ಹಿಮವೇ ಬೇರೆಯಾಗುತ್ತದೆ. ರಾತ್ರಿ ಗಟ್ಟಿ, ಮಧ್ಯಾಹ್ನ ಗೊಜ್ಜು. ನಡುವೆ ಬೆಳಗಿನ ಸ್ವಲ್ಪ ಹೊತ್ತು ಮಾತ್ರ ಮೇಲ್ಪದರ ಹರಳು ಹರಳಾಗಿ ಸೊಗಸಾಗಿ ಜಾರುತ್ತದೆ. ಅದಕ್ಕೆಂದೇ ಕತ್ತಲಲ್ಲೇ ಎದ್ದು ಹತ್ತಲು ಶುರು ಮಾಡುವವರುಂಟು!

ಆಮೇಲೆ? ಭೂಮಿಯ ಇನ್ನೊಂದು ಬದಿಗೆ ಹೊರಡಿ! ನಮ್ಮಲ್ಲಿ ಮುಂಗಾರು ಸುರಿಯುವಾಗ ನ್ಯೂಜಿಲೆಂಡ್, ಚಿಲಿಯಲ್ಲಿ ನಡುಚಳಿಗಾಲ. ನಮ್ಮ ಕೊಡಗಿನ ಹುಡುಗಿ ತೆಕ್ಕಡ ಭವಾನಿ ನಂಜುಂಡ 2025ರಲ್ಲಿ ಪದಕ ಗೆದ್ದದ್ದೂ ಚಿಲಿಯಲ್ಲೇ. 5 ಕಿ.ಮೀ. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು. ಈ ಆಟದಲ್ಲಿ ಅಂತರರಾಷ್ಟ್ರೀಯ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ, ಹಿಮವೇ ಬೀಳದ ಕಾಫಿ ನಾಡಿನವರು!

ಕೊಡಗಿನ ಮಾತು ಬಂತಲ್ಲ, ಇನ್ನೊಂದು ಕೇಳಿ. ಗುಲ್ಮಾರ್ಗ್‌ನಲ್ಲಿ ಸೇನೆಯ ಸ್ಕೀ ಶಾಲೆ ಶುರುವಾದದ್ದು 1948ರ ಡಿಸೆಂಬರಿನಲ್ಲಿ. ಶುರು ಮಾಡಿದ್ದು 19ನೇ ಇನ್‌ಫೆಂಟ್ರಿ ಡಿವಿಷನ್. ಆ ವರ್ಷ ಆ ಡಿವಿಷನನ್ನು ಮುನ್ನಡೆಸಿದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ! ಅದೇ ವರ್ಷದ ನವೆಂಬರಿನಲ್ಲಿ ಝೋಜಿಲಾ ಕಣಿವೆಗೆ, 11,000 ಅಡಿಗೂ ಎತ್ತರಕ್ಕೆ, ಟ್ಯಾಂಕುಗಳನ್ನು ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದವರೂ ಅವರೇ. ಆ ಪುಟ್ಟ ಶಾಲೆ ಈಗ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್.

ಜೋರಾಗಿ ಕೂಗಿದರೆ ಹಿಮ ಕುಸಿಯುತ್ತದೆ ಎಂದು ಸಿನಿಮಾದಲ್ಲಿ ನೋಡಿದ್ದೀರಲ್ಲ? ಶುದ್ಧ ಸುಳ್ಳು! ಮನುಷ್ಯನ ದನಿಗೆ ಅಷ್ಟು ಬಲವಿಲ್ಲ. ಬಲವಿರುವುದು ಮನುಷ್ಯನ ಭಾರಕ್ಕೆ. ಹಿಮಕುಸಿತಕ್ಕೆ ಸಿಕ್ಕಿದ ಹತ್ತು ಸ್ಕೀಯರುಗಳಲ್ಲಿ ಒಂಬತ್ತು ಮಂದಿಯ ವಿಷಯದಲ್ಲಿ ಕುಸಿತ ಎಬ್ಬಿಸಿದ್ದು ಅವರೇ, ಇಲ್ಲವೇ ಅವರ ಜೊತೆಗಾರರು!

ತೀರಾ ಕಡಿದಾದ ಇಳಿಜಾರೇ ಹೆಚ್ಚು ಅಪಾಯ ಅಂದುಕೊಂಡಿರಾ? ಅಲ್ಲವೇ ಅಲ್ಲ! ಅಲ್ಲಿ ಹಿಮ ನಿಲ್ಲುವುದೇ ಇಲ್ಲ, ಬಿದ್ದಿದ್ದು ಬಿದ್ದ ಹಾಗೇ ಉದುರಿಹೋಗುತ್ತದೆ. ಬಹುಪಾಲು ಕುಸಿತ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಜಾರಲು ಮಜಾ ಕೊಡುವುದೂ ಅದೇ ಇಳಿಜಾರು!

ಅದಕ್ಕೇ ಪ್ರತಿಯೊಬ್ಬರೂ ಅಂಗಿಯ ಮೇಲೆ, ಜಾಕೆಟ್ಟಿನ ಒಳಗೆ ಅಂಗೈಯಗಲದ ಟ್ರಾನ್ಸ್‌ಸೀವರ್ ಕಟ್ಟಿಕೊಳ್ಳುತ್ತಾರೆ. ಅದು ಇಡೀ ದಿನ ಸದ್ದಿಲ್ಲದೆ ಸಂಕೇತ ಕಳಿಸುತ್ತಿರುತ್ತದೆ. ಒಬ್ಬರು ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕುವ ಕಡೆಗೆ ತಿರುಗಿಸಿ, ಬೀಪ್ ಸದ್ದು ಹಿಡಿದು ಓಡಬೇಕು. ಉದ್ದನೆ ಸಲಾಕೆ ಚುಚ್ಚಿ, ಸಲಿಕೆಯಲ್ಲಿ ಅಗೆಯಬೇಕು. ಯಾವ ಕಂಪನಿಯದ್ದಾದರೂ ಸರಿ, ಜಗತ್ತಿನ ಎಲ್ಲ ಟ್ರಾನ್ಸ್‌ಸೀವರ್‌ಗಳಿಗೂ ಒಂದೇ ಕಂಪನಾಂಕ, 457 ಕಿಲೋಹರ್ಟ್ಸ್! ಬೇಗ ತೆಗೆದರೆ ಬಹಳ ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಬಹಳ ಕಡಿಮೆ.

ಆ ಲೆಕ್ಕವನ್ನೆಲ್ಲ ಮೀರಿದ ಒಬ್ಬ ಕನ್ನಡಿಗನನ್ನು ಮರೆಯಲಾಗದು. ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಮಂದಿ ಯೋಧರು ಅಡಿಯಲ್ಲಿ ಸಿಲುಕಿದರು. ಡಾಟ್, ಮಿಶಾ ಎಂಬ ನಾಯಿಗಳೂ ಸೇರಿ ಹುಡುಕಿ ಅಗೆದಾಗ ಹನುಮಂತಪ್ಪ ಇನ್ನೂ ಉಸಿರಾಡುತ್ತಿದ್ದರು, ಆರು ದಿನಗಳ ಮೇಲೆ. ದೆಹಲಿಯ ಆಸ್ಪತ್ರೆಗೆ ತಂದರು. ಇಡೀ ನಾಡು ಹರಕೆ ಹೊತ್ತಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು.

ಇನ್ನು ಎದೆಗಾರರ ಸಾಲು. ಜಪಾನಿನ ಯುಇಚಿರೊ ಮಿಯುರಾ 1970ರಲ್ಲಿ ಎವರೆಸ್ಟಿನ ದಕ್ಷಿಣ ಕಣಿವೆಯಿಂದ ಸ್ಕೀ ಮೇಲೆ ಜಾರಿದರು. ವೇಗ ತಗ್ಗಿಸಲು ಬೆನ್ನಿಗೆ ಪ್ಯಾರಾಚೂಟ್! ಆದರೂ ಉರುಳಿದರು, ದೊಡ್ಡ ಬಿರುಕಿನ ಬಾಯಿಗೆ ಇನ್ನು ಸುಮಾರು 75 ಮೀಟರ್ ಇದೆ ಎನ್ನುವಾಗ ನಿಂತರು. ಅದರ ಚಿತ್ರಕ್ಕೆ ಆಸ್ಕರ್ ಕೂಡ ಬಂತು!

ಸ್ಲೊವೇನಿಯಾದ ದಾವೊ ಕಾರ್ನಿಚಾರ್ 2000ದ ಅಕ್ಟೋಬರ್ 7ರಂದು ಎವರೆಸ್ಟಿನ ತುದಿಯಿಂದ ಬೇಸ್ ಕ್ಯಾಂಪಿನವರೆಗೆ ಸ್ಕೀ ಬಿಚ್ಚದೆ ಬಂದರು. ಹಿಡಿದ ಸಮಯ ಐದು ಗಂಟೆಯೂ ಇಲ್ಲ!

ಕೊನೆಗೊಂದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ರಾಮನಗರ, ಚನ್ನಪಟ್ಟಣದ ಬೈಪಾಸ್ ದಾಟುವಾಗ ಕಾರು ಗಂಟೆಗೆ 100 ಕಿ.ಮೀ. ಮೀರಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡ ಬೀಳುತ್ತದೆ. 2023ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸಿಮೊನ್ ಬಿಲ್ಲಿ ಹಿಮದ ಮೇಲೆ ಜಾರಿದ ವೇಗ ಗಂಟೆಗೆ 255.5 ಕಿ.ಮೀ.! ಎಂಜಿನ್ ಇಲ್ಲ, ಚಕ್ರ ಇಲ್ಲ, ಬ್ರೇಕೂ ಇಲ್ಲ!