ಹಲಗೆಗೆ ಹೆಸರು ತೂಗುಹಾಕಿ ಕಾಡಿಗೆ ಹೋಗುವವರು

ನಮ್ಮ ನಾಲ್ಕು ಮನೆಗೆ ಸೇರಿ ಒಂದೇ ಸೊಪ್ಪಿನ ಬೆಟ್ಟ. ನೆಲ ಸರಕಾರದ್ದು, ಸೊಪ್ಪು ನಮ್ಮದು. ಶಿರಸಿ ಕಡೆಯವರಿಗೆ ಇದರ ತಕರಾರು ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ ಕೆಳಗಿನ ಮನೆ ಅಣ್ಣಯ್ಯ ಚಿಗುರಲಿ ಎಂದು ಬಿಟ್ಟಿದ್ದ ಮತ್ತಿ ಮರಗಳನ್ನು ನಾನು ಆಳು ಹಚ್ಚಿ ಸವರಿಸಿದೆ. ಗೊತ್ತಿರಲಿಲ್ಲ ಅಂತ ವಾದಿಸಿದೆ. ಕೇಳಿಯೂ ಇರಲಿಲ್ಲ ಅನ್ನುವುದು ನಿಜ. ಅಲ್ಲಿಂದ ಮಾತು ನಿಂತಿತು.

2023ರ ಅಕ್ಟೋಬರದಲ್ಲಿ ಅಮೆರಿಕದ ಜಾರ್ಜಿಯ ರಾಜ್ಯದಲ್ಲಿರುವ ಮಗಳ ಮನೆಗೆ ಹೋದೆ. ಅವಳ ನೆರೆಯವರೊಬ್ಬರು ನೆಲಗಡಲೆ ಬೆಳೆಗಾರರು, ಜಿಂಕೆ ಬೇಟೆ ಸಂಘವೊಂದರ ಸದಸ್ಯರು. ನಾನೂ ಕೃಷಿಕ ಅಂತ ಗೊತ್ತಾದದ್ದೇ ತಡ, ಅಳಿಯನ ಸಮೇತ ಜೀಪು ಹತ್ತಿಸಿದರು.

ಜಾಗ ಮರದ ಕಂಪನಿಯೊಂದರ ಪೈನ್ ನೆಡುತೋಪು, 840 ಎಕರೆ. ಬೇಟೆ ಹಕ್ಕು ಮಾತ್ರ ಗೇಣಿಗೆ. ಎಕರೆಗೆ ವರ್ಷಕ್ಕೆ 15 ಡಾಲರ್. ಪಾಲುದಾರರು 14 ಜನ, ತಲೆಗೆ 900 ಡಾಲರ್ ಬೀಳುತ್ತದೆ. ವಿಮೆಯ ಖರ್ಚು ಬೇರೆ. ಮರ ಕಡಿಯುವ ಹಕ್ಕಿಲ್ಲ. ನಮ್ಮ ಬೆಟ್ಟದ ತಿರುಗುಮುರುಗು ಅನ್ನಿ!

ಗೇಟಿನ ಹತ್ತಿರ ತಗಡಿನ ಮಾಡಿನ ಕೆಳಗೆ ಒಂದು ಹಲಗೆ. ಅದರ ಮೇಲೆ ಇಡೀ ಜಾಗದ ನಕಾಶೆ. ಮರಕ್ಕೆ ಕಟ್ಟಿದ ಮಾಳಗಳಿಗೆಲ್ಲ ನಂಬರು, ಪ್ರತಿ ನಂಬರಿಗೆ ಒಂದು ಮೊಳೆ. ಒಳಗೆ ಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ತಾವು ಕೂರುವ ಮಾಳದ ಮೊಳೆಗೆ ತೂಗುಹಾಕಬೇಕು. ಆಮೇಲೆ ಆ ಸುತ್ತಿಗೆ ಇನ್ನೊಬ್ಬರು ಹೋಗುವಂತಿಲ್ಲ. ಹೊರಡುವಾಗ ಬಿಲ್ಲೆ ತೆಗೆಯಬೇಕು. ಕತ್ತಲಾದ ಮೇಲೂ ಬಿಲ್ಲೆ ಉಳಿದಿದ್ದರೆ ಉಳಿದವರು ಟಾರ್ಚು ಹಿಡಿದು ಹುಡುಕಲು ಹೋಗುತ್ತಾರೆ. ಅಲ್ಲಿ ಗುಂಡಿಗಿಂತ ಮರದಿಂದ ಬೀಳುವ ಭಯ ಅವರಿಗೆ ಕಡಿಮೆಯೇನಲ್ಲ. ಮಾಳ ಹತ್ತುವವರು ಸೊಂಟಕ್ಕೆ, ಭುಜಕ್ಕೆ ಪಟ್ಟಿ ಬಿಗಿದು ಮರಕ್ಕೆ ಕಟ್ಟಿಕೊಳ್ಳುತ್ತಾರೆ. ಕೊನೆ ತೆಗೆಯುವವರಿಗೂ ಇದನ್ನು ತೋರಿಸಬೇಕಿತ್ತು ಅನ್ನಿಸಿತು.

"ಬಿಲ್ಲೆ ಹಾಕದಿದ್ದರೆ?" ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೆಲವು ವರ್ಷದ ಹಿಂದೆ ಸ್ವತಃ ಅವರೇ, ಅರ್ಧ ತಾಸಿನ ಕೆಲಸ ಅಂತ ಬಿಲ್ಲೆ ಹಾಕದೆ ಒಳಗೆ ಹೋಗಿದ್ದರಂತೆ. ಸಂಜೆಯ ಮಬ್ಬು. ಪೊದೆ ಅಲುಗಿದ್ದು ಕಂಡು ಇನ್ನೊಬ್ಬ ಸದಸ್ಯ ಕೋವಿ ಎತ್ತಿದ್ದಾನೆ. ಕಿತ್ತಳೆ ಬಣ್ಣ ಕಣ್ಣಿಗೆ ಹೊಡೆದದ್ದರಿಂದ ಕುದುರೆ ಎಳೆಯಲಿಲ್ಲ. ಕೋವಿಯ ಹಂಗಾಮಿನಲ್ಲಿ ಸೊಂಟದಿಂದ ಮೇಲೆ ಕಣ್ಣು ಕುಕ್ಕುವ ಬಣ್ಣ ಕನಿಷ್ಠ 500 ಚದರ ಇಂಚು ಕಾಣಬೇಕು ಅಂತ ಆ ರಾಜ್ಯದ ಕಾನೂನು. ಸಂಘ ಅವರನ್ನು ಆ ಇಡೀ ಹಂಗಾಮು ಹೊರಗಿಟ್ಟಿತು. "ಕೋವಿ ಎತ್ತಿದವನು ಒಂದು ವಾರ ನಿದ್ದೆ ಮಾಡಲಿಲ್ಲ. ತಪ್ಪು ನನ್ನದು, ಶಿಕ್ಷೆ ಅವನಿಗೂ ಆಯಿತು" ಎಂದರು.

ನಮ್ಮ ಅಜ್ಜನ ಕಾಲದ ಶಿಕಾರಿಯ ಹಾಗೆ ಸೋಹಿ ಹೊಡೆಯುವ ಪದ್ಧತಿ ಈ ಸಂಘದಲ್ಲಿಲ್ಲ. ಗಾಳಿ ನೋಡಿ ತಾಸುಗಟ್ಟಲೆ ಕೂರುವುದು. ಒಬ್ಬರಿಗೆ ಹಂಗಾಮಿಗೆ 12 ಜಿಂಕೆ ಸರಕಾರದ ಮಿತಿ, ಅದರಲ್ಲಿ ಕೊಂಬಿನವು ಎರಡೇ. ಮಾಂಸ ಮಾರುವಂತಿಲ್ಲ. ಹಿಂದೊಮ್ಮೆ ಅಲ್ಲಿ ಜಿಂಕೆ ಬಹುತೇಕ ಮುಗಿದೇಹೋಗಿತ್ತು. 1928ರಿಂದ ಹೊರಗಿನಿಂದ ತಂದು ಬಿಟ್ಟು ಬೆಳೆಸಿದವು. ಈಗ ಇವರ ನೆಲಗಡಲೆಯನ್ನೇ ಮೇಯುತ್ತವೆ.

ಜಗಳ ಇಲ್ಲವೇ? ಬೇಕಾದಷ್ಟಿದೆ. ಜಿಂಕೆ ಬರಲಿ ಅಂತ ಕ್ಲೋವರ್, ಓಟ್ಸ್ ಬಿತ್ತುವ ದಿನ ನಾಪತ್ತೆಯಾಗುವವನು ಹಂಗಾಮು ಶುರುವಾದ ದಿನ ಎಲ್ಲರಿಗಿಂತ ಮೊದಲು ಹಾಜರು. ಕೆಲಸಕ್ಕೆ ಬಾರದವರಿಗೆ ದಂಡ ಇಟ್ಟಿದ್ದಾರೆ. ದಂಡ ಕೊಟ್ಟು ಬಾರದೇ ಇರುವವರೂ ಇದ್ದಾರೆ. ನೆಂಟರನ್ನು ಕರೆತರುವ ತಂಟೆಯಂತೂ ಪ್ರತಿ ಸಭೆಯಲ್ಲೂ ಇರುತ್ತದಂತೆ.

ಇದನ್ನು ಓದಿ ಯಾರೂ ಕೋವಿ ಒರೆಸಲು ಕೂರಬೇಡಿ ಮಾರಾಯ್ರೆ. ನಮ್ಮಲ್ಲಿ 1972ರ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ನಾನು ತಂದದ್ದು ಆ ಹಲಗೆಯ ಫೋಟೊ ಮಾತ್ರ.

ಊರಿಗೆ ಬಂದವನು ಬೆಟ್ಟದ ನಕಾಶೆ ಕೈಯಲ್ಲೇ ಗೀಚಿಕೊಂಡು ಕೆಳಗಿನ ಮನೆಗೆ ಹೋದೆ. ಅಣ್ಣಯ್ಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ. ಕೂರು ಅನ್ನಲಿಲ್ಲ. ನಾನೇ ಕೂತೆ. ಯಾರು ಯಾವ ಮೂಲೆಯ ಸೊಪ್ಪು ತೆಗೆಯುತ್ತಾರೆ, ಯಾವ ಮರಕ್ಕೆ ಈ ವರ್ಷ ಬಿಡುವು, ದರಕು ಗುಡಿಸುವುದು ಯಾರು, ಎಲ್ಲ ಹಲಗೆಯಲ್ಲಿ ಕಾಣಲಿ ಅಂದೆ. ಮತ್ತಿ ಮರದ ವಿಷಯದಲ್ಲಿ ತಪ್ಪು ನನ್ನದೇ ಅಂತಲೂ ಹೇಳಿದೆ. ಅವನು ಕಾಗದ ತಿರುಗಿಸಿ ಮುರುಗಿಸಿ ನೋಡಿದ.

"ಹಳ್ಳ ಈ ಬದಿಗೆ ಬರ್ತು. ನಿಂಗೆ ಬೆಟ್ಟವೇ ಗೊತ್ತಿಲ್ಲೆ" ಎಂದು ಪೆನ್ನು ಕಸಿದುಕೊಂಡ.

ಹಲಗೆ ಈಗ ಬೆಟ್ಟದ ದಣಪೆ ಹತ್ತಿರ ಇದೆ. ಹಳೇ ಎಣ್ಣೆ ಡಬ್ಬಿಯ ತಗಡಿನಲ್ಲಿ ನಾಲ್ಕು ಬಿಲ್ಲೆ ಕತ್ತರಿಸಿದ್ದೇವೆ. ಮೂರು ಮನೆಯವರು ತೂಗುಹಾಕುತ್ತಾರೆ. ಮೇಲಿನ ಮನೆಯವರದ್ದು ಇನ್ನೂ ನಮ್ಮ ಜಗಲಿಯ ಗೂಟದಲ್ಲೇ ಇದೆ.