ನೆಲದ ಹಾದಿಯಿಂದ ಇಸ್ತಾಂಬುಲಿಗೆ: ಒಂದು ರೈಲುಪ್ರಯಾಣದ ಯೋಜನೆ

‘ದೇಶ ಸುತ್ತು, ಕೋಶ ಓದು’ ಎಂಬ ನಾಣ್ಣುಡಿಯಲ್ಲಿ ಎರಡು ಬೇರೆ ಬೇರೆ ಕಾರ್ಯಗಳು ಹೇಳಲ್ಪಟ್ಟಿವೆಯೆಂದೇ ನಾನು ಬಹುಕಾಲ ತಿಳಿದಿದ್ದೆನು. ಯುರೋಪು ಖಂಡವನ್ನು ರೈಲಿನಲ್ಲಿ ದಾಟಹೊರಟವನಿಗೆ ಅವೆರಡೂ ಒಂದೇ ಕಾರ್ಯವೆಂಬುದನ್ನು ತೋರಿಸಿಕೊಟ್ಟವರು, ಇದೇ ಶಾಲೆಯಲ್ಲಿ ನನ್ನೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಮಿತ್ರರೊಬ್ಬರು. ಲಂಡನ್ನಿನಲ್ಲಿ ನೆಲಸಿರುವ ಅವರಿಗೆ ಕಿವಿಯ ಶಸ್ತ್ರಚಿಕಿತ್ಸೆಯಾಗಿ, ವಿಮಾನವನ್ನೇರಕೂಡದೆಂದು ವೈದ್ಯರು ವಿಧಿಸಿದ್ದರು. ಅತ್ತ ಇಸ್ತಾಂಬುಲಿನಲ್ಲಿ ಅವರ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ದಿನವೆಣಿಸುತ್ತಿದ್ದಳು. ತಾಯಿಯನ್ನು ಕಳೆದುಕೊಂಡ ಹೆಣ್ಣುಮಗಳು. ತಂದೆ ಹೋಗಲೇಬೇಕು, ನೆಲದ ಮೇಲೆಯೇ ಹೋಗಬೇಕು. ಪ್ರಯಾಣದ ಯೋಜನೆಯ ಕರಡುಗಳನ್ನು ಅವರು ನನಗೆ ಕಳುಹಿಸತೊಡಗಿದರು. ವ್ಯಾಕರಣದ ತಪ್ಪನ್ನು ತಿದ್ದುವವನು ಹಾದಿಯ ತಪ್ಪನ್ನೂ ತಿದ್ದಬಲ್ಲನೆಂಬ ಭ್ರಮೆ ಅವರಿಗೆ ಬಾಲ್ಯದಿಂದಲೂ ಉಂಟು.

ವಿಮಾನವನ್ನು ವರ್ಜಿಸುವವರೆಲ್ಲರೂ ರೋಗಿಗಳಲ್ಲ. ವಿಮಾನದ ಹೊಗೆಯಿಂದ ವಾಯುಮಂಡಲಕ್ಕಾಗುವ ಕೇಡಿಗೆ ಅಂಜಿ ರೈಲನ್ನು ಆರಿಸಿಕೊಳ್ಳುವವರು ಯುರೋಪಿನಲ್ಲಿ ಹೆಚ್ಚಿದ್ದಾರೆ. ಸ್ವೀಡನ್ನಿನ ಜನ ಇದಕ್ಕಾಗಿ ಹುಟ್ಟಿಸಿಕೊಂಡ ಶಬ್ದವನ್ನು ‘ವಿಮಾನಲಜ್ಜೆ’ ಎಂದು ಕನ್ನಡಿಸಬಹುದು.

ಈ ಹಾದಿಗೆ ಹಿಂದೆ ಒಂದೇ ಗಾಡಿಯ ಹೆಸರು ಅಂಟಿಕೊಂಡಿತ್ತು. 1883ರ ಅಕ್ಟೋಬರ್ 4ರಂದು ಪ್ಯಾರಿಸ್ಸಿನಿಂದ ಹೊರಟ ಓರಿಯಂಟ್ ಎಕ್ಸ್‌ಪ್ರೆಸ್ಸಿನ ಹೆಸರನ್ನು ಕೇಳದವರು ವಿರಳ. ಆದರೆ ಮೊದಮೊದಲಿನ ಪ್ರಯಾಣಿಕರು ಒಂದೇ ಗಾಡಿಯಲ್ಲಿ ಕುಳಿತು ಇಸ್ತಾಂಬುಲನ್ನು ಮುಟ್ಟಲಿಲ್ಲ. ರುಮೇನಿಯದ ಜುರ್ಜು ಎಂಬಲ್ಲಿ ಇಳಿದು, ಡ್ಯಾನ್ಯೂಬ್ ನದಿಯನ್ನು ದೋಣಿಯಲ್ಲಿ ದಾಟಿ, ಆಚೆಯ ದಡದ ರೂಸೆಯಿಂದ ಬೇರೊಂದು ಗಾಡಿಯಲ್ಲಿ ವಾರ್ನಾ ಬಂದರನ್ನು ಸೇರಿ, ಅಲ್ಲಿಂದ ಹಡಗನ್ನೇರಬೇಕಾಗಿತ್ತು. 1889ರಲ್ಲಿ ಬೇರೊಂದು ಮಾರ್ಗವಾಗಿ ಹಳಿ ಪೂರ್ಣಗೊಂಡಿತು. ಪ್ಯಾರಿಸ್ಸಿನಿಂದ ಇಸ್ತಾಂಬುಲಿಗೆ ನೇರವಾಗಿ ಓಡುತ್ತಿದ್ದ ಆ ಗಾಡಿ 1977ರ ಮೇ ತಿಂಗಳಲ್ಲಿ ನಿಂತಿತು. ಅದೇ ಹೆಸರನ್ನು ಹೊತ್ತ ವಿಲಾಸದ ಗಾಡಿ ಈಗಲೂ ಉಂಟಾದರೂ ಅದು ಸಿರಿವಂತರ ವಿಹಾರಕ್ಕೆ ಸಲ್ಲುವಂಥದು. ನಮ್ಮಂಥವರು ಐದಾರು ಗಾಡಿಗಳನ್ನು ಒಂದಕ್ಕೊಂದು ಹೊಂದಿಸಿಕೊಳ್ಳಬೇಕು. ಲಂಡನ್, ಪ್ಯಾರಿಸ್, ಮ್ಯೂನಿಕ್, ವಿಯೆನ್ನಾ, ಬುಡಾಪೆಸ್ಟ್, ಬುಕಾರೆಸ್ಟ್, ಇಸ್ತಾಂಬುಲ್ ಎಂಬುದು ಮಿತ್ರರು ಆರಿಸಿದ ಸರಣಿ.

ಮೊದಲನೆಯ ಕರಡಿನಲ್ಲಿ ಅವರು ಲಂಡನ್ನಿನಿಂದ ಆರಂಭಿಸಿ ಮುಂದೆ ಮುಂದೆ ಬರೆಯುತ್ತ ಹೋಗಿದ್ದರು. ಅದು ತಲೆಕೆಳಗಾದ ಕ್ರಮ. ಲಂಡನ್ನಿನಿಂದ ಪ್ಯಾರಿಸ್ಸಿಗೆ ದಿನಕ್ಕೆ ಹಲವು ಗಾಡಿಗಳುಂಟು. ಒಂದು ತಪ್ಪಿದರೆ ಮತ್ತೊಂದು. ಬುಕಾರೆಸ್ಟಿನಿಂದ ಇಸ್ತಾಂಬುಲಿಗಾದರೋ ಬೇಸಗೆಯ ತಿಂಗಳುಗಳಲ್ಲಿ ಮಾತ್ರ ನೇರವಾದ ಬೋಗಿ. ಉಳಿದ ಕಾಲದಲ್ಲಿ ಬಲ್ಗೇರಿಯದೊಳಗೆ ಗಾಡಿ ಬದಲಿಸುತ್ತ ಹೋಗಬೇಕು. ಆದುದರಿಂದ ಯಾವ ಗಾಡಿ ಅತ್ಯಂತ ವಿರಳವೋ ಅದನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಮನೆಯ ಬಾಗಿಲಿಗೆ ಬರಬೇಕು. ಯುರೋಪಿನ ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರಿನ ಎರಡನೆಯ ಶನಿವಾರದ ನಡುರಾತ್ರಿ ಬದಲಾಗುತ್ತದೆಂಬುದೂ ನೆನಪಿನಲ್ಲಿರಬೇಕು. ಹಿಂದಿನ ಬೇಸಗೆಯಲ್ಲಿ ಹೋಗಿಬಂದವರ ಮಾತು ಈ ಬೇಸಗೆಗೆ ಪ್ರಮಾಣವಾಗದು. ರಾತ್ರಿ ಗಾಡಿಗಳಂತೂ ಹೋಗುವುದೂ ಬರುವುದೂ ಹೆಚ್ಚು. 2016ರ ಡಿಸೆಂಬರಿನಲ್ಲಿ ಜರ್ಮನಿಯ ರೈಲ್ವೆ ತನ್ನ ಮಲಗುವ ಗಾಡಿಗಳನ್ನು ನಿಲ್ಲಿಸಿದಾಗ, ಅವುಗಳಲ್ಲಿ ಕೆಲವನ್ನು ಆಸ್ಟ್ರಿಯದ ರೈಲ್ವೆ ‘ನೈಟ್‌ಜೆಟ್’ ಎಂಬ ಹೆಸರಿನಲ್ಲಿ ವಹಿಸಿಕೊಂಡಿತು. ಈ ದೇಶಗಳ ವೇಳೆಗಳನ್ನೆಲ್ಲ ಒಟ್ಟುಗೂಡಿಸಿದ ಗ್ರಂಥವೊಂದು 1873ರಲ್ಲಿ ಥಾಮಸ್ ಕುಕ್ ಸಂಸ್ಥೆಯಿಂದ ಆರಂಭವಾಗಿತ್ತು. ಆ ಸಂಸ್ಥೆ 2013ರಲ್ಲಿ ಕೈಬಿಟ್ಟಮೇಲೆ ಬೇರೆಯವರು ಅದನ್ನು ಮುಂದುವರಿಸಿದ್ದಾರೆ. ಮೊಬೈಲು ಎರಡು ಊರುಗಳ ನಡುವಿನ ಉತ್ತರವನ್ನು ಕ್ಷಣದಲ್ಲಿ ಕೊಡುತ್ತದೆ, ನಿಜ. ಆದರೆ ತಪ್ಪಿದ ಗಾಡಿಯ ಹಿಂದೆ ಮತ್ತಾವುದು ಬರುತ್ತದೆಂಬುದನ್ನು ಒಂದೇ ನೋಟಕ್ಕೆ ತೋರಿಸುವುದು ಪುಟದ ಮೇಲಿನ ಪಟ್ಟಿಯೇ. ಕೋಶ ಓದುವುದೆಂದರೆ ಇದು.

ಇನ್ನು ಸಂಧಿಯ ವಿಚಾರ. ಪದಗಳು ಕೂಡುವಲ್ಲಿ ಲೋಪ, ಆಗಮ, ಆದೇಶಗಳಾಗುವಂತೆ ಗಾಡಿಗಳು ಕೂಡುವಲ್ಲಿಯೂ ಆಗುತ್ತವೆ. ಹಿಂದಿನ ಗಾಡಿ ತಡವಾದರೆ ಮುಂದಿನದು ಲೋಪ. ಹಳಿಯ ದುರಸ್ತಿ ನಡೆದಿದ್ದರೆ ರೈಲಿನ ಸ್ಥಾನದಲ್ಲಿ ಬಸ್ಸು ಬರುವುದು ಆದೇಶ. ಕೇಡು ಸಂಭವಿಸುವುದು ಗಾಡಿಯೊಳಗಿಗಿಂತ ಗಾಡಿಗಳ ನಡುವಿನಲ್ಲಿಯೇ ಹೆಚ್ಚು. ಪ್ಯಾರಿಸ್ಸನ್ನೇ ನೋಡಿರಿ. ಅಲ್ಲಿ ದಿಕ್ಕಿಗೊಂದರಂತೆ ಬೇರೆ ಬೇರೆ ನಿಲ್ದಾಣಗಳು. ಲಂಡನ್ನಿನ ಗಾಡಿ 1994ರಲ್ಲಿ ತೆರೆದ, ಐವತ್ತು ಕಿಲೋಮೀಟರುದ್ದದ ಸುರಂಗದಲ್ಲಿ ಕಡಲಡಿಯನ್ನು ದಾಟಿ, ಎರಡು ಗಂಟೆ ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲಿ ಉತ್ತರ ನಿಲ್ದಾಣಕ್ಕೆ ಬರುತ್ತದೆ. ಮ್ಯೂನಿಕ್ಕಿನ ಗಾಡಿ ಹೊರಡುವುದು ಪೂರ್ವ ನಿಲ್ದಾಣದಿಂದ. ಇವೆರಡರ ನಡುವೆ ಸುಮಾರು ಹತ್ತು ನಿಮಿಷದ ನಡಿಗೆಯಾದುದರಿಂದ ಈ ಸಂಧಿ ಸುಲಭ. ಇಟಲಿಯ ಕಡೆಗೆ ಹೊರಟವನಿಗೆ ನಗರದ ಮತ್ತೊಂದು ಭಾಗದ ಲಿಯೋನ್ ನಿಲ್ದಾಣವೇ ಗತಿ. ಬುಡಾಪೆಸ್ಟಿನ ‘ಕೆಲೆತಿ’ ಎಂದರೆ ಪೂರ್ವ ನಿಲ್ದಾಣ. ಆದರೆ ಪಶ್ಚಿಮದ ವಿಯೆನ್ನಾದಿಂದ ಬರುವ ಗಾಡಿಗಳೂ ಅಲ್ಲಿಗೇ ಬರುತ್ತವೆ. ಊರ ಹೆಸರುಗಳೂ ಗಡಿ ದಾಟಿದೊಡನೆ ವೇಷ ಬದಲಿಸುತ್ತವೆ. ನಾವು ವಿಯೆನ್ನಾ ಎನ್ನುವುದು ಆ ಊರಿನವರಿಗೆ ‘ವೀನ್’, ಹಂಗೇರಿಯವರಿಗೆ ‘ಬೇಚ್’. ಇದನ್ನರಿಯದವನು ನಾಮಫಲಕದ ಮುಂದೆಯೇ ನಿಂತು ತನ್ನ ಗಾಡಿಯನ್ನು ಕಾಣದೆ ಹೋಗಬಹುದು.

ಸಂಧಿಗೂ ಟಿಕೆಟ್ಟಿಗೂ ನಂಟುಂಟು. ಇಡೀ ದಾರಿಗೆ ಒಂದೇ ಟಿಕೆಟ್ಟಾಗಿ ಕೊಂಡಿದ್ದು ನಡುವೆ ಗಾಡಿ ತಪ್ಪಿದರೆ, ಮುಂದಿನ ಗಾಡಿಯಲ್ಲಿ ಕಳುಹಿಸುವ ಹೊಣೆ ರೈಲ್ವೆಯದು. ಬಿಡಿಬಿಡಿಯಾಗಿ ಕೊಂಡವನಿಗೆ ಆ ರಕ್ಷಣೆ ದೊರೆಯದು. ವಿಳಂಬಕ್ಕೆ ಪರಿಹಾರವೂ ಯುರೋಪಿನ ಒಕ್ಕೂಟದ ನಿಯಮದಲ್ಲಿದೆ. ಅಸಾಧಾರಣ ಕಾರಣಗಳನ್ನು ಬಿಟ್ಟರೆ, ಒಂದು ಗಂಟೆ ತಡವಾದಲ್ಲಿ ಬೆಲೆಯ ಕಾಲುಭಾಗ, ಎರಡು ಗಂಟೆಗೆ ಅರ್ಧ. 33 ದೇಶಗಳಲ್ಲಿ ಸಲ್ಲುವ ಪಾಸುಗಳೂ ಇವೆ. ಯುರೋಪಿನಲ್ಲಿ ವಾಸಿಸುವವರಿಗೆ 1972ರಲ್ಲಿ ಹುಟ್ಟಿದ ‘ಇಂಟರ್‌ರೇಲ್’. ನಮ್ಮಂತೆ ಹೊರಗಿನಿಂದ ಹೋಗುವವರಿಗೆ 1959ರಿಂದ ಇರುವ ‘ಯುರೇಲ್’. ಎಣಿಕೆಗೆ ಬರುವುದು ವಾಸಸ್ಥಳ, ಪೌರತ್ವವಲ್ಲ. ಪಾಸಿದ್ದ ಮಾತ್ರಕ್ಕೆ ಎಲ್ಲ ಗಾಡಿಗಳನ್ನೂ ಏರಿಬಿಡಬಹುದೆಂದು ಭಾವಿಸಕೂಡದು. ಫ್ರಾನ್ಸಿನ ವೇಗದ ಗಾಡಿಗಳಿಗೂ ಮಲಗುವ ಗಾಡಿಗಳಿಗೂ ಪ್ರತ್ಯೇಕ ಹಣ ತೆತ್ತು ಸ್ಥಳ ಕಾದಿರಿಸಲೇಬೇಕು.

ಗಡಿಗಳ ವಿಷಯದಲ್ಲಿ ಕಾಲ ಅನುಕೂಲವಾಗಿದೆ. ಷೆಂಗೆನ್ ಒಪ್ಪಂದದ ವಲಯಕ್ಕೆ ರುಮೇನಿಯ, ಬಲ್ಗೇರಿಯಗಳ ನೆಲದ ಗಡಿಗಳೂ 2025ರ ಜನವರಿ 1ರಂದು ಸೇರಿದುದರಿಂದ, ಫ್ರಾನ್ಸಿನಿಂದ ತುರ್ಕಿಯ ಅಂಚಿನವರೆಗೆ ಒಂದೇ ವೀಸಾ ಸಾಕು. ಬ್ರಿಟನ್ನೂ ತುರ್ಕಿಯೂ ಈ ವಲಯದ ಹೊರಗಿನವು. ಅವುಗಳ ಅನುಮತಿ ಬೇರೆ. ಫ್ರಾನ್ಸಿನ ಅಧಿಕಾರಿಗಳ ತಪಾಸಣೆ ಲಂಡನ್ನಿನ ನಿಲ್ದಾಣದಲ್ಲಿಯೇ ನಡೆಯುವ ಕಾರಣ ಅಲ್ಲಿಗೆ ಒಂದು ಗಂಟೆಗೂ ಮೊದಲೇ ಹೋಗಿರುವುದು ಲೇಸು. ರುಮೇನಿಯವನ್ನು ಹೊಕ್ಕೊಡನೆ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕು.

ಮಿತ್ರರಿಗೂ ನನಗೂ ಚರ್ಚೆಯಾದದ್ದು ಒಂದೇ ಅಂಶದಲ್ಲಿ. ಕೂಡಬೇಕಾದ ಸ್ವರಗಳು ಕೂಡದೆ ಹಾಗೆಯೇ ನಿಲ್ಲುವುದನ್ನು ವ್ಯಾಕರಣದಲ್ಲಿ ಪ್ರಕೃತಿಭಾವವೆನ್ನುತ್ತೇವೆ. ಪ್ರಯಾಣದಲ್ಲಿಯೂ ಒಂದು ದಿನ ಯಾವ ಗಾಡಿಯೂ ಇಲ್ಲದೆ ಬರಿದಾಗಿ ನಿಲ್ಲಲಿ ಎಂದು ನಾನು ಬರೆದೆನು. ಬುಕಾರೆಸ್ಟಿನಲ್ಲಿ ವೃಥಾ ಒಂದು ದಿನದ ಹೋಟೆಲಿನ ಬಾಡಿಗೆ ಏಕೆಂದು ಅವರು ಸಿಡುಕಿದರು. ಕೊನೆಗೆ ಮಗಳ ಮುಖ ನೆನೆದು ಒಪ್ಪಿದರು. ಆದರೆ ನನಗೆ ತಿಳಿಸದೆ ನಡುವಣ ಒಂದು ನಗರದಲ್ಲಿ ಇಪ್ಪತ್ತೇ ನಿಮಿಷಗಳ ಅಂತರವಿಟ್ಟುಕೊಂಡಿದ್ದರು. ಅಲ್ಲಿಯೇ ತಪ್ಪಿತು. ಅವರು ಇಳಿದು ಓಡುವಷ್ಟರಲ್ಲಿ ರಾತ್ರಿಯ ಗಾಡಿಯ ಕೆಂಪು ದೀಪ ಮಾತ್ರ ಕಂಡಿತಂತೆ. ಬೇರೆಯಾಗಿ ಕೊಂಡ ಟಿಕೆಟ್ಟಾದುದರಿಂದ ಬರ್ತಿನ ಹಣವೂ ಹೋಯಿತು. ಮರುದಿನ ಸಂಜೆಯವರೆಗೆ ಅಲ್ಲಿಯೇ ಉಳಿದರು. ಬುಕಾರೆಸ್ಟಿನ ಬರಿದಾದ ದಿನವು ಈ ನಷ್ಟವನ್ನು ನುಂಗಿಕೊಂಡಿತು. ಇಸ್ತಾಂಬುಲಿನ ಬೋಗಿ ನಿಶ್ಚಿತ ದಿನವೇ ಸಿಕ್ಕಿತು.

ಆ ಗಾಡಿಯಲ್ಲಿ ಊಟದ ಬೋಗಿಯಿಲ್ಲ. ಶಾಕಾಹಾರಿಗಳಾದ ಮಿತ್ರರು ಬುಕಾರೆಸ್ಟಿನಲ್ಲಿಯೇ ರೊಟ್ಟಿ, ಗಿಣ್ಣು, ಹಣ್ಣು, ನೀರುಗಳನ್ನು ಕಟ್ಟಿಕೊಂಡಿದ್ದರು. ಹಿಂದೆ ದೋಣಿ ದಾಟಿಸುತ್ತಿದ್ದ ಡ್ಯಾನ್ಯೂಬ್ ನದಿಯನ್ನು ಈಗ 1954ರ ಸೇತುವೆಯ ಮೇಲೆ, ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದಕ್ಕೆ, ಹಗಲಿನಲ್ಲಿಯೇ ದಾಟಬಹುದು. ನಡುರಾತ್ರಿಯ ಮೇಲೆ ತುರ್ಕಿಯ ಗಡಿಯ ಕಪಿಕುಲೆಯಲ್ಲಿ ಎಲ್ಲರೂ ಸಾಮಾನುಸಹಿತ ಇಳಿದು ತಪಾಸಣೆಗೆ ನಿಲ್ಲಬೇಕು. ಹಾಗಾಗಿ, ಎರಡು ಕೈಗಳಲ್ಲಿ ಹೊರಲಾರದ ಗಂಟನ್ನು ಈ ಹಾದಿಗೆ ತರಲೇಬಾರದು. ಬಾಣಂತಿಗೆಂದು ಲೇಹದ ಭರಣಿಗಳನ್ನು ಹೊತ್ತಿದ್ದ ಮಿತ್ರರು ಅದನ್ನು ಅಲ್ಲಿ ಅರಿತುಕೊಂಡರು.

ಬೆಳಗಿನ ಜಾವ ಗಾಡಿ ನಿಂತದ್ದು ನಗರದಂಚಿನ ಹಲ್ಕಲಿ ನಿಲ್ದಾಣದಲ್ಲಿ. ಓರಿಯಂಟ್ ಎಕ್ಸ್‌ಪ್ರೆಸ್ಸಿಗಾಗಿ 1890ರಲ್ಲಿ ಕಟ್ಟಿದ ಸಿರ್ಕೆಜಿ ನಿಲ್ದಾಣದವರೆಗೆ ಆ ಗಾಡಿ ಹೋಗುವುದಿಲ್ಲ. ಹಲ್ಕಲಿಯಿಂದ ‘ಮರ್ಮರಾಯ್’ ಎಂಬ ಸ್ಥಳೀಯ ರೈಲನ್ನು ಹಿಡಿಯಬೇಕು. ಇದು ಮಾವನಿಗೆ ತಿಳಿದಿತ್ತು, ಅಳಿಯನಿಗೆ ತಿಳಿದಿರಲಿಲ್ಲ. ಹೂಗುಚ್ಛ ಹಿಡಿದು ಸಿರ್ಕೆಜಿಯಲ್ಲಿಯೇ ಎರಡು ಗಂಟೆ ಕಾದನಂತೆ. ಮಿತ್ರರು ಮನೆಯನ್ನು ಮುಟ್ಟಿದ ಮೂರನೆಯ ದಿನ ಮೊಮ್ಮಗಳು ಹುಟ್ಟಿದಳು.