ಕಚ್ಚಿಕೊಂಡ ಕ್ರ್ಯಾಂಕು

ಸೈಕಲ್ಲಿನ ಕ್ರ್ಯಾಂಕನ್ನು ಬಿಚ್ಚುವುದೂ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯತಕ್ಕ ವಿಷಯವೇ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಕಾವ್ಯಮೀಮಾಂಸೆಯ ಲೇಖನದ ಪಕ್ಕದಲ್ಲಿ ಕಾಟರ್ ಪಿನ್ನು ಬಂದು ಕುಳಿತರೆ ಸಂಪಾದಕರಿಗೂ ಸ್ವಲ್ಪ ಮುಜುಗರವಾದೀತು. ಆದರೆ ನಾನು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯವನು. ಮೋಟಾರು ಬೈಕು ಮನೆಮನೆಗೂ ಬಂದಿರುವ ಈ ದಿನಗಳಲ್ಲಿಯೂ ನಮ್ಮ ಕಡೆ ಹಾಲಿನ ಕ್ಯಾನು, ಹಸಿಹುಲ್ಲಿನ ಹೊರೆ, ಗೊಬ್ಬರದ ಚೀಲ ಇವೆಲ್ಲ ಸೈಕಲ್ಲಿನ ಮೇಲೆ ಸಾಗುವುದುಂಟು. ಅಲ್ಲದೆ 2006–07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡಲು ಆರಂಭಿಸಿದ ಮೇಲೆ, ಸೈಕಲ್ಲು ಕಾಣದ ಮನೆಗಳಿಗೂ ಅದು ಬಂದಿತು. ಅವುಗಳಲ್ಲಿ ಎಷ್ಟೋ ಈಗ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ. ಏಕೆ ಹೀಗೆ ಬಿಟ್ಟಿರಿ ಎಂದು ಕೇಳಿದರೆ, ಹಲವು ಮನೆಗಳಲ್ಲಿ ದೊರೆಯುವ ಉತ್ತರ ಒಂದೇ: "ಕ್ರ್ಯಾಂಕು ಆಡ್ತದೆ, ಬಿಚ್ಚಕ್ಕೆ ಬರಾಕಿಲ್ಲ."

ಆಡುವ ಕ್ರ್ಯಾಂಕು ಬಿಚ್ಚಲು ಬಾರದಿರುವುದು ಮೇಲುನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಇದರ ಮರ್ಮವನ್ನು ತಿಳಿಯಬೇಕಾದರೆ ಒಳಗಿನ ರಚನೆಯನ್ನು ನೋಡಬೇಕು. ಪೆಡಲನ್ನು ಹೊತ್ತಿರುವ ತೋಳೇ ಕ್ರ್ಯಾಂಕು. ಎಡಬಲದ ಎರಡು ಕ್ರ್ಯಾಂಕುಗಳ ನಡುವೆ ಚೌಕಟ್ಟಿನ ಕೆಳಗೊಳವೆಯಲ್ಲಿ ಗುಂಡುಗಳ ಮೇಲೆ ತಿರುಗುವ ಒಂದು ಅಚ್ಚು ಇದೆ. ಅಚ್ಚಿನ ತುದಿಯಲ್ಲಿ ಒಂದು ಪಕ್ಕವನ್ನು ಚಪ್ಪಟೆಯಾಗಿ ಕೊರೆದಿರುತ್ತಾರೆ. ಕ್ರ್ಯಾಂಕಿನ ಕಣ್ಣನ್ನು ಅಚ್ಚಿಗೆ ತೊಡಿಸಿ, ಅಡ್ಡಲಾಗಿರುವ ತೂತಿನಲ್ಲಿ ಒಂದು ಉಕ್ಕಿನ ಪಿನ್ನನ್ನು ಬಡಿಯುತ್ತಾರೆ. ಇದೇ ಕಾಟರ್ ಪಿನ್ನು. ಇದರ ಒಂದು ಮೈ ಓರೆಯಾಗಿ ಚಪ್ಪಟೆ. ಆ ಮೈ ಅಚ್ಚಿನ ಚಪ್ಪಟೆಯ ಮೇಲೆ ಬಿಗಿದು ಕೂರುತ್ತದೆ. ಸಣ್ಣ ತುದಿಗೆ ಮರೆ ಇದ್ದು, ಅಲ್ಲಿ ನಟ್ಟು ಬರುತ್ತದೆ.

ಎತ್ತಿನ ಗಾಡಿಯ ಕಡಾಣಿಯನ್ನು ಬಲ್ಲವರು ಇದನ್ನೂ ಅಂಥದೇ ಎಂದು ತಿಳಿಯುವುದುಂಟು. ಕಡಾಣಿಯ ಕೆಲಸ ಚಕ್ರ ಕಳಚಿ ಬೀಳದಂತೆ ತಡೆಯುವುದು ಮಾತ್ರ. ಚಕ್ರವು ಅಚ್ಚಿನ ಮೇಲೆ ಸಲೀಸಾಗಿ ತಿರುಗುತ್ತಿರಬೇಕು. ಕಾಟರ್ ಪಿನ್ನಾದರೋ ಕ್ರ್ಯಾಂಕು ಅಚ್ಚಿನ ಮೇಲೆ ಕೂದಲೆಳೆಯಷ್ಟೂ ತಿರುಗದಂತೆ ಹಿಡಿಯಬೇಕು. ಗುದ್ದಲಿಯ ಕಾವು ಸಡಿಲವಾದಾಗ ಹೊಡೆಯುವ ಬೆಣೆಗೆ ಇದನ್ನು ಹೋಲಿಸುವುದೇ ಸರಿ. ಬೆಣೆಯನ್ನು ಹಿಡಿದಿರುವುದು ಅದರ ಬಿಗಿ. ಇಲ್ಲಿಯೂ ಅಷ್ಟೆ, ನಟ್ಟು ಕೇವಲ ಕಾವಲುಗಾರ.

ಆ ಬೆಣೆಯ ಮೇಲೆ ಬೀಳುವ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಕ್ರ್ಯಾಂಕಿನ ಉದ್ದ ಸುಮಾರು 165 ಮಿಲಿಮೀಟರು. ಅಚ್ಚಿನ ದಪ್ಪ ಸುಮಾರು 16 ಮಿಲಿಮೀಟರು, ಎಂದರೆ ನಡುವಿನಿಂದ ಅಂಚಿಗೆ 8. ಅರುವತ್ತು ಕಿಲೋ ತೂಕದ ಮನುಷ್ಯನು ಏರುದಾರಿಯಲ್ಲಿ ಸೀಟು ಬಿಟ್ಟು ಎದ್ದು ಒಂದೇ ಪೆಡಲಿನ ಮೇಲೆ ನಿಂತನೆನ್ನಿ. ಸನ್ನೆಗೋಲಿನ ನಿಯಮದಂತೆ ಅವನ ಭಾರವು ಇಪ್ಪತ್ತು ಪಟ್ಟಾಗಿ, ಸಾವಿರದ ಇನ್ನೂರು ಕಿಲೋಗಳಷ್ಟು ಒತ್ತಡವು ಬೆರಳಿಗಿಂತ ಸಣ್ಣದಾದ ಆ ಪಿನ್ನಿನ ನೆರೆಯಲ್ಲಿ ಬೀಳುತ್ತದೆ. ಪಿನ್ನು ಮೆತ್ತನೆಯ ಉಕ್ಕಿನದಾದರೆ ಕ್ರಮೇಣ ಅದರ ಚಪ್ಪಟೆ ಮೈಯಲ್ಲಿ ಒಂದು ಮೆಟ್ಟಿಲು ಬೀಳುತ್ತದೆ. ಆಗ ಪ್ರತಿ ಸುತ್ತಿಗೂ "ಟಕ್" ಎಂಬ ಸದ್ದು ಕೇಳಿಬರುತ್ತದೆ. ಆ ಸದ್ದನ್ನು ಅಲಕ್ಷಿಸಿ ತಿಂಗಳುಗಟ್ಟಲೆ ತುಳಿದರೆ ಅಚ್ಚಿನ ಚಪ್ಪಟೆಯೂ ಕ್ರ್ಯಾಂಕಿನ ಕಣ್ಣೂ ಸವೆದು, ಅಲ್ಪ ಬೆಲೆಯ ಪಿನ್ನಿನ ರೋಗವು ಇಡೀ ಜೋಡಣೆಗೆ ಹತ್ತುತ್ತದೆ.

ಇನ್ನು ಕಚ್ಚಿಕೊಳ್ಳುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಆ ಮೆಟ್ಟಿಲೇ ಮೊದಲನೆಯದು. ಅದರ ಅಂಚು ಅಚ್ಚಿನ ಮೂಲೆಗೆ ತಗುಲಿಕೊಂಡು ಪಿನ್ನು ಹಿಂದಕ್ಕೆ ಸರಿಯಲು ಬಿಡದು. ಎರಡನೆಯದು ತುಕ್ಕು. ನಾಲೆಯ ಏರಿಯ ಕೆಸರು, ಗದ್ದೆಯ ನೀರು, ಮಳೆಯಲ್ಲಿ ನೆನೆದು ನಿಂತ ರಾತ್ರಿಗಳು ಇವೆಲ್ಲ ಸೇರಿ ಕಬ್ಬಿಣವನ್ನು ತಿನ್ನುತ್ತವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಮುಚ್ಚಿದ ತೂತಿನೊಳಗೆ ಅದಕ್ಕೆ ಜಾಗವೆಲ್ಲಿ? ಆದುದರಿಂದ ಅದೂ ಒಂದು ಬೆಣೆಯಂತಾಗಿ ಬಿಗಿಯುತ್ತದೆ.

ಕಳೆದ ಮಳೆಗಾಲದಲ್ಲಿ ನನ್ನ ಸೋದರಮಾವನ ಸೈಕಲ್ಲಿಗೆ ಇದೇ ಗತಿಯಾಯಿತು. ಅವರು ಬೆಳಿಗ್ಗೆ ಸಂಜೆ ಎರಡು ಹೊತ್ತೂ ತೋಟದ ಮನೆಯಿಂದ ಡೇರಿಗೆ ಹಾಲು ತರುವವರು. ಹೊತ್ತು ಮೀರಿದರೆ ಡೇರಿಯಲ್ಲಿ ಹಾಲು ಅಳೆಯುವುದಿಲ್ಲ; ಆ ಹೊತ್ತಿನ ಹಾಲು ಮನೆಯಲ್ಲೇ ಉಳಿಯುತ್ತದೆ. ಪೇಟೆಯ ಒಂದು ಷಾಪಿನಲ್ಲಿ ಹುಡುಗನೊಬ್ಬನು ಸ್ಟಾಂಡು ಹಾಕಿದ ಸೈಕಲ್ಲಿನ ಪಿನ್ನಿಗೆ ಸಣ್ಣ ಸುತ್ತಿಗೆಯಿಂದ ಮೂವತ್ತು ನಲವತ್ತು ಏಟು ಹಾಕಿದನು. ಪಿನ್ನಿನ ತುದಿ ಅಣಬೆಯಂತೆ ಅರಳಿತೇ ಹೊರತು ಪಿನ್ನು ಅಲುಗಲಿಲ್ಲ. ಕೊನೆಗೆ ಗ್ಯಾಸಿನಲ್ಲಿ ಕತ್ತರಿಸಬೇಕು, ಅಚ್ಚು, ಕ್ರ್ಯಾಂಕು, ಚೈನ್ ವೀಲು ಎಲ್ಲ ಹೊಸದು ಹಾಕಿಸಿ ಎಂದರು. ಮಾವನವರು ಸೈಕಲ್ಲನ್ನು ತಳ್ಳಿಕೊಂಡೇ ಊರಿಗೆ ಬಂದರು. ಬೆಳಗಿನ ಹಾಲಿಗೆ ಹತ್ತು ಹನ್ನೆರಡು ಗಂಟೆ ಮಾತ್ರ ಉಳಿದಿತ್ತು.

ನಮ್ಮೂರಿನಲ್ಲಿ ಹಿಂದೆ ಸೈಕಲ್ ಷಾಪು ಇಟ್ಟಿದ್ದ ಹಿರಿಯರೊಬ್ಬರಿದ್ದಾರೆ. ಈಗ ಷಾಪಿಲ್ಲ, ಕಣ್ಣೂ ಮಂಜು. ಸೈಕಲ್ಲನ್ನು ಕೈಯಿಂದಲೇ ತಡವಿ ನೋಡಿ ಅವರು ನನಗೆ ಹೇಳಿದ್ದು: "ಏಟು ಜೋರಾಗಿ ಹೊಡೆಯೋದಲ್ಲ ಕಣಪ್ಪ, ಹೊಡೆದ ಏಟು ಎಲ್ಲಿಗೆ ಹೋಯ್ತದೆ ನೋಡು."

ಆ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ ಎಂದು ನನಗೆ ಆಮೇಲೆ ಹೊಳೆಯಿತು. ಕಮ್ಮಾರನು ಕಬ್ಬಿಣವನ್ನು ಕೈಯಲ್ಲಿ ಹಿಡಿದು ಬಡಿಯುವುದಿಲ್ಲ. ಅಡೆಗಲ್ಲಿನ ಮೇಲಿಟ್ಟು ಬಡಿಯುತ್ತಾನೆ. ಸ್ಟಾಂಡಿನ ಮೇಲೆ ನಿಂತ ಸೈಕಲ್ಲಿನ ಕ್ರ್ಯಾಂಕಿಗೆ ಅಡಿಯಲ್ಲಿ ಏನೂ ಆಸರೆಯಿಲ್ಲ. ಏಟು ಬಿದ್ದೊಡನೆ ಕ್ರ್ಯಾಂಕೂ ಅಚ್ಚೂ ಕೆಳಕ್ಕೆ ಬಾಗುತ್ತವೆ, ಟೈರು ಕುಪ್ಪಳಿಸುತ್ತದೆ, ಏಟಿನ ಶಕ್ತಿಯೆಲ್ಲ ಅಲ್ಲಿಯೇ ಚೆದುರಿಹೋಗುತ್ತದೆ. ಉಳಿದದ್ದು ಒಳಗಿನ ಗುಂಡುಗಳ ಮೇಲೆ ಬಿದ್ದು, ಅವು ಓಡುವ ಬಟ್ಟಲಿನಲ್ಲಿ ಸಣ್ಣ ಗುಳಿಗಳನ್ನು ಮಾಡುತ್ತದೆ. ಮುಂದೆ ಪೆಡಲು ತುಳಿಯುವಾಗ ಗರಗರ ಎನ್ನುವುದು ಆ ಗುಳಿಗಳಿಂದಲೇ.

ಅವರು ಹೇಳಿಕೊಟ್ಟ ಕ್ರಮವನ್ನು ಬರೆಯುತ್ತೇನೆ. ಮೊದಲು ಪಿನ್ನಿನ ಎರಡೂ ತುದಿಗೆ ಸೀಮೆಎಣ್ಣೆ ಬೆರೆಸಿದ ಕೀಲೆಣ್ಣೆಯನ್ನು ಬಿಟ್ಟು, ಆಗಾಗ್ಗೆ ಮೆಲ್ಲಗೆ ತಟ್ಟುತ್ತ, ಸಾಧ್ಯವಾದರೆ ಒಂದು ರಾತ್ರಿ ನೆನೆಯಲು ಬಿಡಬೇಕು. (ನಮಗೆ ಸಿಕ್ಕಿದ್ದು ಮೂರು ಗಂಟೆ.) ಬಳಿಕ ಅರ್ಧ ಇಂಚಿನ ನೀರಿನ ಪೈಪಿನ ತುಂಡೊಂದನ್ನು ನೆಲದಿಂದ ಕ್ರ್ಯಾಂಕಿನವರೆಗಿನ ಎತ್ತರಕ್ಕೆ, ಎಂದರೆ ಸುಮಾರು ಒಂದಡಿಗೆ, ಕೊಯ್ದುಕೊಳ್ಳಬೇಕು. ನಟ್ಟಿನ ತುದಿ ಮೇಲಕ್ಕೆ ಬರುವಂತೆ ಕ್ರ್ಯಾಂಕನ್ನು ಅಡ್ಡಲಾಗಿ ನಿಲ್ಲಿಸಿ, ಕೆಳಗೆ ಕಲ್ಲಿನ ಮೇಲೆ ಪೈಪನ್ನು ನೆಟ್ಟಗೆ ಇಡಬೇಕು. ಪಿನ್ನಿನ ದಪ್ಪ ತಲೆಯು ಪೈಪಿನ ಬಾಯಿಯ ನಡುವೆ ಇರಬೇಕು. ಪೈಪಿನ ಅಂಚು ಕ್ರ್ಯಾಂಕಿಗೆ ಮಾತ್ರ ತಾಗಬೇಕು. ಇಲ್ಲವಾದರೆ ಹೊರಗೆ ಬರಬೇಕಾದ ಪಿನ್ನನ್ನೇ ನಾವು ಕೆಳಗಿನಿಂದ ತಡೆದಂತಾಗುತ್ತದೆ. ಸೈಕಲ್ಲಿನ ಭಾರವೂ ಪೈಪಿನ ಮೇಲೆಯೇ ಕೂರಬೇಕು. ಒಬ್ಬರು ಹ್ಯಾಂಡಲನ್ನು ಹಿಡಿದಿರಬೇಕು.

ನಟ್ಟನ್ನು ಪೂರ್ತಿ ಬಿಚ್ಚದೆ, ಅದರ ಮೈ ಪಿನ್ನಿನ ತುದಿಗೆ ಸಮನಾಗುವಷ್ಟು ಸಡಿಲಿಸಿದರೆ ಮರೆ ಕೆಡದು. ಅನಂತರ ಒಂದು ಕಿಲೋ ತೂಕದ ಸುತ್ತಿಗೆಯಿಂದ ನೇರವಾಗಿ ಒಂದೇ ಏಟು. ಸಣ್ಣ ಸುತ್ತಿಗೆ ಪುಟಿದು ತುದಿಯನ್ನು ಅರಳಿಸುತ್ತದೆ. ದೊಡ್ಡದು ಪಿನ್ನನ್ನು ತಳ್ಳುತ್ತದೆ. ಮಾವನ ಸೈಕಲ್ಲಿನಲ್ಲಿ ಅರಳಿದ್ದ ತುದಿಯನ್ನು ಮೊದಲು ಅರದಿಂದ ಉಜ್ಜಿ ಸರಿಮಾಡಬೇಕಾಯಿತು. ಎರಡನೆಯ ಏಟಿಗೆ ಪಿನ್ನು ಪೈಪಿನೊಳಕ್ಕೆ ಠಣ್ಣೆಂದು ಬಿದ್ದಿತು. ಮಾವನವರು ನಂಬದೆ ಪೈಪನ್ನು ಅಲ್ಲಾಡಿಸಿ ನೋಡಿದರು.

ಇಷ್ಟಕ್ಕೂ ಜಗ್ಗದ ಪಿನ್ನುಗಳುಂಟು. ಆಗ ಎಣ್ಣೆಯನ್ನೆಲ್ಲ ಒರೆಸಿ, ಕ್ರ್ಯಾಂಕಿನ ಕಣ್ಣನ್ನು ಬ್ಲೋ ಲ್ಯಾಂಪಿನಿಂದ ಕಾಯಿಸಿದರೆ ತುಕ್ಕಿನ ಹಿಡಿತ ಬಿರಿಯುತ್ತದೆ. ಮೇಲಿನ ಹೊಳಪು ಕೆಡುವುದು ನಿಜ. ಅದೂ ಸಾಗದಿದ್ದರೆ ತುದಿಯನ್ನು ಕೊಯ್ದು, ನಟ್ಟನಡುವೆ 6 ಮಿಲಿಮೀಟರಿನ ಡ್ರಿಲ್ಲು ಹಾಕಿ, ಬಲಗುಂದಿದ ಪಿನ್ನನ್ನು ಪಂಚಿನಿಂದ ಹೊಡೆಯಬೇಕು. ಗ್ಯಾಸಿನ ಸರದಿ ಬರುವುದು ಇದಾದ ಮೇಲೆ.

ಹೊಸ ಮಾದರಿಯ ಸೈಕಲ್ಲುಗಳಲ್ಲಿ ಈ ಪಿನ್ನಿಲ್ಲ. ಅಚ್ಚಿನ ತುದಿ ನಾಲ್ಕು ಮೂಲೆಯದಾಗಿ ಓರೆಯಾಗಿರುತ್ತದೆ. ಕ್ರ್ಯಾಂಕು ಅದರ ಮೇಲೆ ಬಿಗಿದು ಕೂತಿರುತ್ತದೆ. ಅದಕ್ಕೆ ಸುತ್ತಿಗೆ ಸಲ್ಲದು, ಪುಲ್ಲರ್ ಎಂಬ ಸಾಧನ ಬೇಕು. ಬೋಲ್ಟಿನ ಜೊತೆ ವಾಷರನ್ನೂ ತೆಗೆದು, ಪುಲ್ಲರನ್ನು ಕ್ರ್ಯಾಂಕಿನ ಮರೆಯಲ್ಲಿ ಕೊನೆಯವರೆಗೂ ಕೂರಿಸಿದ ಬಳಿಕವೇ ತಿರುಗಿಸಬೇಕು. ಅರೆಬರೆ ಕೂರಿಸಿದರೆ ಅಲ್ಯೂಮಿನಿಯಂ ಮರೆ ಕಿತ್ತುಬರುತ್ತದೆ.

ಮತ್ತೆ ನಮ್ಮ ಪಿನ್ನಿಗೆ ಬರೋಣ. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೀಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ ಸ್ಥಾಪಿತವಾದವು. ಇವರ ಕಪ್ಪು ಸೈಕಲ್ಲುಗಳು ಇಂಗ್ಲೆಂಡಿನ ರೋಡ್‌ಸ್ಟರ್ ಮಾದರಿಯವಾದ್ದರಿಂದ ಪಿನ್ನಿನ ದಪ್ಪ ಬಹುಮಟ್ಟಿಗೆ ಒಂದೇ, 9.5 ಮಿಲಿಮೀಟರು. ಅಟ್ಲಾಸಿನ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನಿನಲ್ಲಿ ಮುಚ್ಚಿದರೂ ಅದರ ಸೈಕಲ್ಲಿಗೆ ಪಿನ್ನಿನ ಬರವಿಲ್ಲ. ಆದರೆ ಪಿನ್ನಿನ ಓರೆ ಒಂದೊಂದರಲ್ಲಿ ಒಂದೊಂದು ಬಗೆ. ಆದುದರಿಂದ ಎರಡೂ ಕಡೆಗೆ ಒಂದೇ ಜೋಡಿಯನ್ನು ಹಾಕಬೇಕು. ಒಂದರ ನಟ್ಟು ಮೇಲಿದ್ದರೆ ಇನ್ನೊಂದರದು ಕೆಳಗಿರಬೇಕು. ತಪ್ಪಿದರೆ ಕ್ರ್ಯಾಂಕುಗಳೆರಡೂ ಒಂದೇ ಗೆರೆಯಲ್ಲಿ ನಿಲ್ಲದೆ ಸೊಟ್ಟಗಾಗುತ್ತವೆ.

ಕೂರಿಸುವಾಗಲೂ ಪೈಪಿನ ಆಸರೆ ಬೇಕು. ಆಗ ಅದು ನಟ್ಟಿನ ತುದಿಯ ಕಡೆಗೆ ಬರುತ್ತದೆ. ಪಿನ್ನನ್ನು ಬಡಿದು ಬಿಗಿಮಾಡಿ, ಆಮೇಲೆ ನಟ್ಟು. ನಟ್ಟಿನಿಂದ ಎಳೆದು ಬಿಗಿಯಲು ಹೋದರೆ ಮರೆ ಹರಿಯುತ್ತದೆ. ಹತ್ತು ಹದಿನೈದು ಕಿಲೋಮೀಟರು ತುಳಿದ ಮೇಲೆ ಹೊಸ ಪಿನ್ನು ಇನ್ನಷ್ಟು ಒಳಗೆ ಕೂರಲು ಜಾಗ ಮಾಡಿಕೊಂಡಿರುತ್ತದೆ. ಆಗ ಇನ್ನೊಂದು ಏಟು, ನಟ್ಟಿಗೆ ಇನ್ನೊಂದು ಸುತ್ತು. ಮಾವನವರಿಗೆ ಆ ಎರಡನೆಯ ಬಿಗಿತವನ್ನು ಮರುದಿನ ಸಂಜೆ ಮಾಡಿಕೊಟ್ಟೆನು, ಹಾಲು ಹಾಕಿ ಬಂದ ಮೇಲೆ. ಪೈಪಿನ ತುಂಡು ಈಗ ನಮ್ಮ ಹಜಾರದ ಮೂಲೆಯಲ್ಲಿದೆ. ಊರಿನ ಹುಡುಗರು ಕೇಳಿ ಒಯ್ಯುತ್ತಾರೆ.